ಎಕ್ಸ್‌ರೇ ಫಿಲ್ಮ್ ಎಲ್ಲಿದೆ, ಮೊದಲು ಅದನ್ನು ನೋಡಿ

ಪತ್ರ: 2016ರಲ್ಲಿ ಕಾಲುವೆ ನೀರಿನ ಜಗಳದಲ್ಲಿ ಮೂವರು ನಮ್ಮಣ್ಣನಿಗೆ ಬಡಿಗೆಯಿಂದ ಹೊಡೆದು ಮುಂಗೈ ಎಲುಬು ಮುರಿದರು. ಐಪಿಸಿ 326 (ಮಾರಕ ಆಯುಧದಿಂದ ತೀವ್ರ ಗಾಯ), 504 (ಕೆಣಕಿ ಅವಮಾನ), 506ರ (ಬೆದರಿಕೆ) ಕೇಸು ಗಂಗಾವತಿ ಕೋರ್ಟಿನಲ್ಲಿ ಇನ್ನೂ ಸಾಕ್ಷಿಗೇ ನಿಂತಿದೆ. ಪೊಲೀಸರ ಪಂಚನಾಮೆಗೆ ಸಹಿ ಹಾಕಿದ್ದ ಪಂಚರಿಬ್ಬರೂ ಕೋರ್ಟಿನಲ್ಲಿ ತಿರುಗಿಬಿದ್ದರು. ಕೇಸು ಹೋದಂತೆಯೇ? ನಾವೇ ವಕೀಲರನ್ನು ಇಡಬಹುದೇ? ರಾಜಿಯಾಗಿ ಅಂತಾರೆ ಊರ ಹಿರಿಯರು.
(ಕಾರಟಗಿ ಕಡೆಯ ಓದುಗರು)

ಉತ್ತರ: ಪಂಚರು ಕೈಕೊಟ್ಟದ್ದಕ್ಕೆ ಎದೆಗುಂದಬೇಡಿ. ಪಂಚನಾಮೆ ಹೇಳುವುದು ಜಾಗ ಯಾವುದು, ಬಡಿಗೆ ಎಲ್ಲಿ ಸಿಕ್ಕಿತು ಎಂಬುದನ್ನಷ್ಟೆ. ಅದನ್ನು ತನಿಖಾಧಿಕಾರಿಯೂ ನುಡಿಯಬಹುದು. ಇಂತಿಷ್ಟೇ ಸಾಕ್ಷಿಗಳು ಬೇಕೆಂದು ಕಾನೂನಿಲ್ಲ. ಪೆಟ್ಟು ತಿಂದವರ ಮಾತು ಪಾಟೀಸವಾಲಿನಲ್ಲಿ ನಿಂತರೆ ಅದಕ್ಕೆ ಕೋರ್ಟಿನಲ್ಲಿ ತೂಕ ಹೆಚ್ಚು.

ನಮಗೆ ಚಿಂತೆ ಎಕ್ಸ್‌ರೇಯದು. ಗಾಯದ ಪ್ರಮಾಣಪತ್ರದಲ್ಲಿ ವೈದ್ಯರು ‘ತೀವ್ರ ಗಾಯ’ ಎಂದು ಬರೆದಿದ್ದರೂ, ಎಲುಬು ಮುರಿದದ್ದಕ್ಕೆ ಆಧಾರ ಆ ಫಿಲ್ಮು ಮತ್ತು ಅದರ ವರದಿ. ಎಷ್ಟೋ ಕೇಸುಗಳಲ್ಲಿ ಪ್ರಮಾಣಪತ್ರವಷ್ಟೇ ಚಾರ್ಜ್‌ಶೀಟಿಗೆ ಬರುತ್ತದೆ, ಫಿಲ್ಮು ಆಸ್ಪತ್ರೆಯ ಬೀರುವಿನಲ್ಲೇ ಉಳಿಯುತ್ತದೆ. ಆಗ ಮುರಿತ ಸಾಬೀತಾಗಲಿಲ್ಲವೆಂದು 326 ಇಳಿದು 324 (ಆಯುಧದಿಂದ ಸಾಮಾನ್ಯ ಗಾಯ) ಆಗುತ್ತದೆ. ಹತ್ತು ವರ್ಷ ಅಥವಾ ಜೀವಾವಧಿಯವರೆಗೆ ಹೋಗಬಹುದಾದ ಶಿಕ್ಷೆ ಮೂರು ವರ್ಷದ ಮಿತಿಗೆ ಬರುತ್ತದೆ. ದಾಖಲೆ ಪಟ್ಟಿಯಲ್ಲಿ ಫಿಲ್ಮು ಇಲ್ಲವಾದರೆ ಎಂಎಲ್‌ಸಿ (ಆಸ್ಪತ್ರೆಯ ಪೊಲೀಸ್ ಕೇಸಿನ ದಾಖಲೆ) ನಂಬರು, ತಾರೀಖು ಬರೆದು ಎಪಿಪಿಯವರಿಗೆ, ಅಂದರೆ ಸರ್ಕಾರದ ಪರ ಕೇಸು ನಡೆಸುವ ವಕೀಲರಿಗೆ ಕೊಡಿ. ಫಿಲ್ಮು ತರಿಸಲು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 91ರಡಿ, ಅದನ್ನು ಓದಿದ ವೈದ್ಯರನ್ನು ಕರೆಸಲು 311ರಡಿ ಅವರು ಅರ್ಜಿ ಹಾಕಬಹುದು.

ವೈದ್ಯರು ವರ್ಗವಾಗಿದ್ದರೆ ಸಮನ್ಸು ಹಳೆಯ ಆಸ್ಪತ್ರೆಗೇ ಹೋಗಿ ‘ವರ್ಗವಾಗಿದ್ದಾರೆ’ ಎಂಬ ಷರಾ ಹೊತ್ತು ವಾಪಸು ಬರುತ್ತದೆ. ಹೀಗೇ ಎರಡು ವರ್ಷ ಕಳೆದುಬಿಡಬಹುದು! ವೈದ್ಯರು ಈಗಿರುವ ಜಾಗವನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ ತಿಳಿಸಿ. ವೈದ್ಯರೇ ತೀರಿಕೊಂಡಿದ್ದರೆ, ಅವರ ಕೈಬರಹ ಮತ್ತು ಸಹಿ ಬಲ್ಲ ಸಹೋದ್ಯೋಗಿ ವೈದ್ಯರು ಬಂದು ಗುರುತಿಸಬಹುದು.

ಕೇಸು ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಆರ್ಡರ್‌ಶೀಟಿನಲ್ಲಿ, ಅಂದರೆ ಪ್ರತಿ ದಿನದ ಕೋರ್ಟಿನ ಆದೇಶ ಬರೆದಿಡುವ ಹಾಳೆಯಲ್ಲಿದೆ. ಅದರ ದೃಢೀಕೃತ ನಕಲು ತೆಗೆಸಿ, ಪ್ರತಿ ಮುದ್ದತು ಯಾರಿಗಾಗಿ ಮುಂದೆ ಹೋಯಿತೆಂದು ಗುರುತು ಹಾಕಿ. ನಮ್ಮ ಸೀಮೆಯಲ್ಲಿ ಸಾಮಾನ್ಯ ಕಾರಣ ಗುಳೆ. ಮೂವರಲ್ಲಿ ಒಬ್ಬ ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗಿರುತ್ತಾನೆ, ವಾರಂಟು ಜಾರಿಯಾಗದೆ ಉಳಿದಿಬ್ಬರ ವಿಚಾರಣೆಯೂ ನಿಲ್ಲುತ್ತದೆ. ಅವನ ಭಾಗವನ್ನು ಪ್ರತ್ಯೇಕ ಕೇಸು ಮಾಡಿ ಉಳಿದವರದನ್ನು ನಡೆಸಬಹುದು. ಅದಕ್ಕೆ ಎಪಿಪಿ ಕೇಳಿಕೊಳ್ಳಬೇಕು. ಆರೋಪಿಗಳೂ ನಿಮ್ಮ ಕಡೆಯವರ ಮೇಲೆ ಪ್ರತಿದೂರು ಕೊಟ್ಟಿದ್ದರೆ, ಎರಡೂ ಕೇಸು ಒಬ್ಬರೇ ನ್ಯಾಯಾಧೀಶರ ಮುಂದೆ ಒಂದರ ಹಿಂದೊಂದು ನಡೆಯಬೇಕು. ಒಂದು ನಿಂತರೆ ಇನ್ನೊಂದೂ ನಿಲ್ಲುತ್ತದೆ.

ವಕೀಲರನ್ನು ಇಡಬಹುದು. ಸಿಆರ್‌ಪಿಸಿ 301ರಡಿ ಅವರು ಎಪಿಪಿಗೆ ನೆರವಾಗಿ, ಸಾಕ್ಷಿ ಮುಗಿದ ಮೇಲೆ ಕೋರ್ಟಿನ ಅನುಮತಿಯಿಂದ ಲಿಖಿತ ವಾದ ಕೊಡಬಹುದು. ಕೇಸನ್ನೇ ನಡೆಸಬೇಕೆಂದರೆ ಸಿಆರ್‌ಪಿಸಿ 302ರಡಿ ಅನುಮತಿ ಪಡೆಯಬೇಕು. ನಮ್ಮ ಮಟ್ಟಿಗೆ 301 ಸಾಕು.

ಇನ್ನು ರಾಜಿ. 504, 506ರ ಮೊದಲ ಭಾಗ ರಾಜಿಗೆ ಒಳಪಡುತ್ತವೆ, 326 ಒಳಪಡುವುದಿಲ್ಲ. ಆದರೆ ಬಡಿಗೆಯನ್ನು ಮಾರಕ ಆಯುಧವೆನ್ನಲು ಬರುವುದೇ ಎಂಬುದು ಅದರ ಗಾತ್ರ, ಬಳಸಿದ ರೀತಿಯ ಮೇಲಿದೆ. ಮಾರಕ ಆಯುಧವಲ್ಲ ಎಂದಾದರೆ ಅಪರಾಧ 325 (ಆಯುಧವಿಲ್ಲದ ತೀವ್ರ ಗಾಯ). ಅದನ್ನು ಕೋರ್ಟಿನ ಅನುಮತಿಯಿಂದ ರಾಜಿ ಮಾಡಿಕೊಳ್ಳಬಹುದು. 326ರ ಆರೋಪ ಹಾಗೇ ಇದ್ದರೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ‘ರಾಜಿಯಾಗಿದೆ, ಕೇಸು ರದ್ದು ಮಾಡಿ’ ಎಂಬ ಅರ್ಜಿಯೊಂದೇ ದಾರಿ, ಅಲ್ಲೂ ಖಾತರಿಯಿಲ್ಲ. ಹಿರಿಯರು ಸೂಚಿಸುವ ‘ಯಾರು ಹೊಡೆದರೋ ಕಾಣಲಿಲ್ಲ ಅಂದುಬಿಡು’ ಎಂಬ ಉಪಾಯಕ್ಕೆ ಮಾತ್ರ ಅಣ್ಣನವರು ಒಪ್ಪಬಾರದು. ಪ್ರಮಾಣ ಮಾಡಿ ಸುಳ್ಳು ನುಡಿದರೆ ಅದೇ ಬೇರೆ ಅಪರಾಧ.

ಐಪಿಸಿ ಬದಲಿಗೆ 2024ರ ಜುಲೈ 1ರಿಂದ ಬಂದ ಹೊಸ ಭಾರತೀಯ ನ್ಯಾಯ ಸಂಹಿತೆಯ ಕಲಂಗಳು ನಿಮ್ಮ ಹಳೆಯ ಘಟನೆಗೆ ಅನ್ವಯಿಸುವುದಿಲ್ಲ. ಯಾರಾದರೂ ಹಾಗೆಂದು ಗೊಂದಲ ಮಾಡಿದರೆ ಕಿವಿಗೆ ಹಾಕಿಕೊಳ್ಳಬೇಡಿ.