ಕಾರ್ಲಾ ಬೆಳಗ್ಗೆ ಬೇಡ ಸರ್, ಬೇಡ್ಸೆಯಿಂದ ಶುರು ಮಾಡಿ

ಸರ್, ಪುಣೆ-ಲೋಣಾವಳಾ ಕಡೆಯ ಬೌದ್ಧ ಗುಹೆಗಳನ್ನು ನೋಡಲು ನೀವು ಗುಂಪಿನಲ್ಲಿ ಹಾಕಿದ ಪ್ಲ್ಯಾನ್ ನೋಡಿದೆ. ಭಾನುವಾರ ಬೆಳಗ್ಗೆ 8ಕ್ಕೆ ಕಾರ್ಲಾ, 10.30ಕ್ಕೆ ಭಾಜಾ, ಅಲ್ಲಿಂದ ಮೇಲೆ ಲೋಹಗಡ ಕೋಟೆ, ಸಂಜೆ 5ಕ್ಕೆ ಬೇಡ್ಸೆ, ಸೋಮವಾರ ಮುಂಬೈಯ ಕನ್ಹೇರಿ. ನಾನು ಮೊದಲ ಸಲ ಹೋದಾಗ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಹೋಗಿದ್ದೆ, ಅದೂ ಭಾನುವಾರವೇ. ಅದಕ್ಕೇ ಸುಮ್ನೆ ಇರಲಾಗಲಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಿಮ್ಮ ಪ್ಲ್ಯಾನ್ ಪೂರ್ತಿ ತಿರುವುಮುರುವು ಆಗಬೇಕು. ಕಾರಣ ಒಂದೇ, ಬಿಸಿಲು. ಬೇಡ್ಸೆ ಪೂರ್ವಕ್ಕೆ ಮುಖ ಮಾಡಿದೆ. ಕಾರ್ಲಾ, ಭಾಜಾ ಎರಡೂ ಪಶ್ಚಿಮಕ್ಕೆ. ಬೆಳಗ್ಗೆ ಕಾರ್ಲಾಕ್ಕೆ ಹೋದರೆ ಬೆಟ್ಟದ ಹಿಂದೆ ಸೂರ್ಯ, ಗುಹೆಯೊಳಗೆ ಕತ್ತಲೆ. ಸಂಜೆ ಬೇಡ್ಸೆಗೆ ಹೋದರೂ ಅದೇ ಕಥೆ. ದೂರ ಮತ್ತು ರಸ್ತೆ ನೋಡಿ ಪ್ಲ್ಯಾನ್ ಹಾಕುತ್ತೇವೆ, ಗುಹೆಯ ಬಾಗಿಲು ಯಾವ ಕಡೆಗಿದೆ ಅಂತ ಯಾರೂ ನೋಡುವುದಿಲ್ಲ. ಚೈತ್ಯ, ಅಂದರೆ ಸ್ತೂಪ ಇರುವ ಪೂಜೆಯ ಸಭಾಂಗಣ, ಕಡೆದವರು ಎದುರುಗೋಡೆಯ ಮೇಲೆ ಅಷ್ಟು ದೊಡ್ಡ ಕಮಾನು ಕಿಟಕಿ ಬಿಟ್ಟಿದ್ದು ಸ್ತೂಪದ ಮೇಲೆ ಬೆಳಕು ಬೀಳಲಿ ಅಂತಲೇ ಅಲ್ವಾ?

ಆ ಭಾನುವಾರ ನಾನು 9ರ ಹೊತ್ತಿಗೆ ಕಾರ್ಲಾ ಚೈತ್ಯದೊಳಗೆ ಇದ್ದೆ. ಒಳಗೆ ಹೋದ ಐದು ನಿಮಿಷ ಏನೂ ಕಾಣಲಿಲ್ಲ. ಕಣ್ಣು ಹೊಂದಿಕೊಂಡ ಮೇಲೂ ಕೊನೆಯಲ್ಲಿ ಸ್ತೂಪ ಬರೀ ಕಪ್ಪು ಗುಡ್ಡೆಯ ಹಾಗಿತ್ತು. ಮೇಲಿನ ಮರದ ಕಮಾನು ತೊಲೆಗಳು ಇವೆಯೋ ಇಲ್ಲವೋ ಗೊತ್ತಾಗಲಿಲ್ಲ. ಹೊರಗೆ ಏಕವೀರಾ ದೇವಿಯ ದರ್ಶನಕ್ಕೆ ನಿಂತ ಸಾಲು ಚೈತ್ಯದ ಎದುರಿಗೇ ಬಂದಿತ್ತು. ದೇವಸ್ಥಾನ ಇರುವುದೇ ಚೈತ್ಯದ ಬಾಗಿಲ ಪಕ್ಕದಲ್ಲಿ. ಕೋಳಿ (ಮೀನುಗಾರರು) ಮತ್ತು ಆಗ್ರಿ ಸಮುದಾಯದವರಿಗೆ ಅದು ಕುಲದೇವತೆ, ಭಾನುವಾರ ಮುಂಬೈ ಕಡೆಯಿಂದ ಮನೆಮಂದಿಯೆಲ್ಲ ಬರುತ್ತಾರೆ. ಅದು ಅವರ ದೇವರು, ಅವರ ಜಾಗ, ನಾವೇ ದಿನ ನೋಡಿ ಹೋಗಬೇಕು. ಭಾನುವಾರ, ನವರಾತ್ರಿ, ಚೈತ್ರದ ಜಾತ್ರೆ, ಈ ಮೂರನ್ನೂ ಬಿಡಿ. ಅವತ್ತು ಸಂಜೆ ಬೇಡ್ಸೆಯ ಸುಮಾರು 400 ಮೆಟ್ಟಿಲು ಹತ್ತಿ ಮುಗಿಸುವಾಗ ಹೊತ್ತು ಇಳಿದಿತ್ತು. ಕಂಬದ ಮೇಲಿನ ಕುದುರೆ ಯಾವುದು, ಆನೆ ಯಾವುದು ಗೊತ್ತಾಗದೆ ಮೊಬೈಲ್ ಬೆಳಕಿನಲ್ಲಿ ಇಳಿದು ಬಂದೆ. ಅಷ್ಟು ದೂರದಿಂದ ಹೋಗಿ ಎರಡು ಚೈತ್ಯಗಳನ್ನೂ ಕತ್ತಲೆಯಲ್ಲಿ ನೋಡಿದ ಸಂಕಟ ಆಮೇಲೆ ಎರಡು ವರ್ಷ ಕಾಡಿತು.

ಎರಡನೇ ಸಲ ಡಿಸೆಂಬರಿನಲ್ಲಿ, ವಾರದ ನಡುವೆ, ಉಲ್ಟಾ ಕ್ರಮದಲ್ಲಿ ಹೋದೆ. ಆಮೇಲೆ ಪ್ರತಿ ಸಲವೂ ಹಾಗೇ.

ಪುಣೆಯಿಂದ ಲೋಣಾವಳಾ ಕಡೆಯ ಬೆಳಗಿನ ಮೊದಲ ಲೋಕಲ್‌ಗಳಲ್ಲಿ ಒಂದನ್ನು ಹಿಡಿಯಿರಿ. ಬೇಡ್ಸೆಗೆ ಇಳಿಯುವ ಕಾಮಶೇತ್ ಮೊದಲು ಬರುತ್ತದೆ, ಅದರ ಮುಂದಿನದು ಭಾಜಾ, ಕಾರ್ಲಾಕ್ಕೆ ಇಳಿಯುವ ಮಳವಲಿ. ಅಂದರೆ ರೈಲಿನ ಕ್ರಮವೂ ನಮ್ಮ ಕಡೆಗೇ ಇದೆ. ಕಾಮಶೇತ್‌ನಲ್ಲಿ ಇಳಿದು ಬೇಡ್ಸೆಗೆ ಆಟೋ ಮಾಡಿ. ಹೋಗಿ, ಕಾದು, ವಾಪಸ್ ಬಿಡುವುದಕ್ಕೆ ಸೇರಿಸಿ ಮೊದಲೇ ರೇಟ್ ಮಾತಾಡಿ. ಬಿಟ್ಟು ಹೋದರೆ ಮೇಲಿನ ಊರಿನಲ್ಲಿ ವಾಪಸ್ ಗಾಡಿ ಸಿಗುವುದು ಕಷ್ಟ. ನಡು ಹಗಲಲ್ಲಿ ಲೋಕಲ್ ತುಂಬಾ ಕಡಿಮೆ, ಆದ್ದರಿಂದ ಬೇಡ್ಸೆ ಮುಗಿದ ಮೇಲೆ ರೈಲಿಗೆ ಕಾಯಬೇಡಿ. ಅದೇ ಆಟೋದಲ್ಲಿ ಭಾಜಾ ತನಕ ಹೋಗುವುದು ಒಳ್ಳೆಯದು. ನಾಲ್ಕು ಜನ ಇದ್ದರೆ ಪುಣೆಯಿಂದಲೇ ಕಾರು ಮಾಡಿ, ಇಷ್ಟು ತಲೆನೋವು ಇರುವುದಿಲ್ಲ.

ಬೇಡ್ಸೆಯಲ್ಲಿ 8.30ರ ಒಳಗೆ ಮೇಲಿರಿ. ಚೈತ್ಯದ ಮುಂದೆ ಬಂಡೆಯನ್ನು ಪೂರ್ತಿ ತೆಗೆಯದೆ ಹಾಗೇ ಬಿಟ್ಟಿದ್ದಾರೆ, ನಡುವೆ ಒಂದು ಇಕ್ಕಟ್ಟಾದ ಸಂದು. ಕೆಳಗಿನಿಂದ ನೋಡಿದರೆ ಅಲ್ಲಿ ಏನೋ ಇದೆ ಅಂತಲೇ ಅನಿಸುವುದಿಲ್ಲ. ಸಂದಿನಲ್ಲಿ ಹತ್ತು ಹೆಜ್ಜೆ ಹಾಕಿದರೆ ಎದುರಿಗೆ ಆ ಎತ್ತರದ ಕಂಬಗಳು. ಬೆಳಗಿನ ಬಿಸಿಲು ಕಂಬದ ತಲೆಯ ಮೇಲೆ ಬಿದ್ದಿರುತ್ತದೆ. ಅಲ್ಲಿ ಆನೆ ಕುದುರೆಗಳ ಮೇಲೆ ಕೂತ ಗಂಡು ಹೆಣ್ಣು ಜೋಡಿಗಳಿವೆ. ಅವರ ಕಡಗ, ಸೊಂಟಪಟ್ಟಿಯ ಮಣಿಗಳು, ಕುದುರೆಯ ಮುಂಗಾಲು ಮಡಿಸಿದ ರೀತಿ, ಎಲ್ಲವೂ ನೆರಳು ಬೆಳಕಿನಲ್ಲಿ ಎದ್ದು ಕಾಣುತ್ತವೆ. 10 ದಾಟಿದ ಮೇಲೆ ಅದೇ ಜಾಗ ಚಪ್ಪಟೆಯಾಗುತ್ತದೆ. ಬಾಗಿಲ ಬಳಿ ನಾಸಿಕದ ಆನಂದ ಸೆಟ್ಟಿಯ ಮಗ ಪುಷ್ಯಣಕನ ದಾನದ ಶಾಸನದ ಸಾಲು ಇದೆ, ತಪ್ಪಿಸಬೇಡಿ. ಪಕ್ಕದ ವಿಹಾರವನ್ನೂ (ಭಿಕ್ಷುಗಳ ವಸತಿ) ನೋಡಿ. ಉಳಿದ ಕಡೆ ವಿಹಾರ ಎಂದರೆ ಚೌಕ, ಚಪ್ಪಟೆ ಸೂರು. ಇಲ್ಲಿ ಮಾತ್ರ ಚೈತ್ಯದ ಹಾಗೆ ಹಿಂಭಾಗ ಗುಂಡಗೆ, ಸೂರು ಕಮಾನು, ಸುತ್ತ ಭಿಕ್ಷುಗಳ ಕೋಣೆಗಳು.

ಭಾಜಾ ಮಧ್ಯಾಹ್ನಕ್ಕೆ ಯಾಕೆ ಎಂದರೆ, ಅದರ ಎದುರುಗೋಡೆ ಮೂಲದಲ್ಲಿ ಮರದ್ದು, ಈಗ ಇಲ್ಲ. ಬಾಯಿ ಪೂರ್ತಿ ತೆರೆದಿದೆ. ಹಾಗಾಗಿ ನೇರ ಬಿಸಿಲು ಇಲ್ಲದಿದ್ದರೂ ಒಳಗೆ ಬೆಳಕು ಸಾಕಷ್ಟು ಇರುತ್ತದೆ. ಬಂಡೆಯಲ್ಲಿ ಮರದ ತೊಲೆ ಕೂರಿಸಲು ಕೊರೆದ ತೂತುಗಳನ್ನು ಹುಡುಕಿ. ಎಂಟು ಮೂಲೆಯ ಕಂಬಗಳು ಒಳಕ್ಕೆ ವಾಲಿಕೊಂಡಿವೆ. ಮರದ ಮನೆಯಲ್ಲಿ ಭಾರ ತಡೆಯಲು ಕಂಬ ವಾಲಿಸಿ ನಿಲ್ಲಿಸುತ್ತಿದ್ದರು, ಕಲ್ಲಿನಲ್ಲಿ ಆ ಅಗತ್ಯವೇ ಇಲ್ಲ, ಆದರೂ ಕೈ ಅದನ್ನೇ ಕಡೆದಿದೆ. ಮೇಲಿನ ಮರದ ತೊಲೆಗಳು ಹಳೆಯವೇ. ಎರಡು ತೊಲೆಗಳ ಮೇಲೆ ಬ್ರಾಹ್ಮಿ ಅಕ್ಷರ ಸಿಕ್ಕಿದೆ, ಕ್ರಿಸ್ತಪೂರ್ವ 2ನೇ ಶತಮಾನದ್ದು. ಕೆಳಗಿನಿಂದ ಬರಿಗಣ್ಣಿಗೆ ಕಾಣುವುದಿಲ್ಲ.

ಭಾಜಾದಲ್ಲಿ ಎಲ್ಲರೂ ಮಾಡುವ ತಪ್ಪು, ಚೈತ್ಯದ ಮುಂದೆ ಫೋಟೋ ತೆಗೆದು ಇಳಿದು ಬಿಡುವುದು. ಬಲಕ್ಕೆ ಮುಂದೆ ನಡೆಯಿರಿ. ಮೊದಲು 14 ಸ್ತೂಪಗಳ ಗುಂಪು ಸಿಗುತ್ತದೆ, ಐದು ಒಳಗೆ, ಒಂಬತ್ತು ಹೊರಗೆ. ಅವು ಇಲ್ಲಿದ್ದ ಥೇರರ, ಅಂದರೆ ಹಿರಿಯ ಭಿಕ್ಷುಗಳ, ನೆನಪಿಗೆ ಮಾಡಿದವು. ಅಂಪಿನಿಕ, ಧಮ್ಮಗಿರಿ, ಸಂಘದಿನ ಅಂತ ಹೆಸರು ಕೊರೆದಿದ್ದಾರೆ. ಇನ್ನೂ ಮುಂದೆ ಹೋದರೆ ಕೊನೆಯ ಕಡೆ ಆ ವಿಹಾರ. ಅದರ ಜಗಲಿಯಲ್ಲಿ ನಾಲ್ಕು ಕುದುರೆಯ ರಥ, ಅದರ ಕೆಳಗೆ ನಜ್ಜುಗುಜ್ಜಾದ ದೈತ್ಯ. ಬಾಗಿಲ ಆಚೆ ಬದಿಯಲ್ಲಿ ಮರ ಕಿತ್ತು ಹಿಡಿದ ಆನೆಯ ಮೇಲೆ ಒಬ್ಬ. ಸೂರ್ಯ, ಇಂದ್ರ ಎನ್ನುವುದು ರೂಢಿ, ಬೇರೆ ಥರ ಓದುವವರೂ ಇದ್ದಾರೆ. ತಬಲಾದಂಥ ಜೋಡಿ ವಾದ್ಯ ಬಾರಿಸುವ ಹೆಂಗಸೂ ಅಲ್ಲೇ. ಮಧ್ಯಾಹ್ನ 1ರ ನಂತರ ಇಲ್ಲಿ ಬೆಳಕು ಚೆನ್ನಾಗಿರುತ್ತದೆ.

ಲೋಹಗಡ ಮಾತ್ರ ದಯವಿಟ್ಟು ಬಿಡಿ. ಕೋಟೆ ಒಳ್ಳೆಯದೇ, ಪಕ್ಕದ ವಿಸಾಪುರವೂ ಒಳ್ಳೆಯದೇ, ಆದರೆ ಅವಕ್ಕೆ ಬೇರೆ ದಿನ ಬೇಕು. ಮೂರು ಚೈತ್ಯಗಳ ಜೊತೆ ಒಂದು ಕೋಟೆಯನ್ನೂ ತುರುಕಿದರೆ ಕೊನೆಗೆ ಕಾರ್ಲಾದಲ್ಲಿ ಇಪ್ಪತ್ತು ನಿಮಿಷ ಉಳಿಯುತ್ತದೆ. ಕಾರ್ಲಾಕ್ಕೆ ಎರಡು ಗಂಟೆ ಕೊಡದಿದ್ದರೆ ಹೋಗುವುದೇ ಬೇಡ.

ಈಗ ಕಾರ್ಲಾ. ಸುಮಾರು 350 ಮೆಟ್ಟಿಲು, 3ಕ್ಕೆ ಮೇಲಿರಿ. ಮೊದಲ ಅರ್ಧ ಗಂಟೆ ಹೊರಗೇ ಕಳೆಯಿರಿ. ಸಿಂಹದ ಕಂಬ ಮಹಾರಠಿ (ಆ ಕಾಲದ ಒಂದು ಪದವಿ) ಅಗ್ನಿಮಿತ್ರಣಕನ ದಾನ, ಕಂಬದ ಮೇಲೇ ಬರೆದಿದೆ. ಆಮೇಲೆ ಜಗಲಿಯ ಎಡ ತುದಿಗೆ ಹೋಗಿ. ಅಲ್ಲಿರುವ ಒಂದೇ ಸಾಲಿಗಾಗಿ ನಾನು ಪ್ರತಿ ಸಲ ಹೋಗುತ್ತೇನೆ. ವೈಜಯಂತಿಯ ಸೆಟ್ಟಿ ಭೂತಪಾಲ ಈ ಕಲ್ಲಿನ ಮನೆಯನ್ನು ಪೂರ್ತಿ ಮಾಡಿಸಿದ, ಇದು ‘ಜಂಬುದೀಪಮ್ಹಿ ಉತಮಂ’ ಅಂತ. ಇಡೀ ಜಂಬೂದ್ವೀಪದಲ್ಲೇ ಉತ್ತಮ. ವೈಜಯಂತಿ ಎಂದರೆ ನಮ್ಮ ಬನವಾಸಿ ಅಂತಲೇ ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುತ್ತಾರೆ. ಕದಂಬರಿಗೂ ಮುಂಚೆ, ವರದಾ ತೀರದ ಊರಿನ ಒಬ್ಬ ವ್ಯಾಪಾರಿ ಸಹ್ಯಾದ್ರಿಯ ಇಷ್ಟು ದೂರದ ಘಟ್ಟದಲ್ಲಿ ದುಡ್ಡು ಸುರಿದು, ತನ್ನ ಊರಿನ ಹೆಸರು ಮೊದಲು ಬರೆಸಿದ್ದಾನೆ. ಕನ್ನಡದವರು ಎಷ್ಟೋ ಜನ ಆ ಗೋಡೆಗೆ ಬೆನ್ನು ಕೊಟ್ಟು ಸೆಲ್ಫಿ ತೆಗೆದುಕೊಂಡು ಬರುತ್ತಾರೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಅಕ್ಷರ ನೋಡಲು ಟಾರ್ಚನ್ನು ನೇರ ಹಿಡಿಯಬೇಡಿ. ಗೋಡೆಗೆ ಒತ್ತಿದ ಹಾಗೆ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕೊರೆದ ಗೆರೆಗಳಲ್ಲಿ ನೆರಳು ನಿಲ್ಲುತ್ತದೆ, ಇಲ್ಲದ ಅಕ್ಷರ ಎದ್ದು ಬಂದ ಹಾಗಿರುತ್ತದೆ. ಬಲದಿಂದ ಒಮ್ಮೆ, ಎಡದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಹಿಡಿದು ಮೂರು ಫೋಟೋ ತೆಗೆಯಿರಿ. ಒಂದರಲ್ಲಿ ಕಾಣದ ಗುಡಿಸು ಇನ್ನೊಂದರಲ್ಲಿ ಕಾಣುತ್ತದೆ. ಝೂಮ್ ಟಾರ್ಚು ಬೇಡ, ನಡುವೆ ಬಿಳಿ ಮಚ್ಚೆ ಬಿದ್ದು ಸುತ್ತ ಕಪ್ಪಾಗುತ್ತದೆ. ಬೆಳಕು ಅಗಲವಾಗಿ ಹರಡುವ ಸಾದಾ ಹೆಡ್‌ಲ್ಯಾಂಪ್ ಸಾಕು. ನನ್ನ ಹತ್ತಿರ ಡೆಕತ್ಲಾನ್‌ನ ಅಗ್ಗದ್ದೇ ಇದೆ, ವರ್ಷಗಳಿಂದ ಕೈಕೊಟ್ಟಿಲ್ಲ. ತಲೆಗೆ ಕಟ್ಟಬೇಡಿ, ಕೈಯಲ್ಲಿ ಹಿಡಿಯಿರಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅಕ್ಷರಕ್ಕೆ ಸೀಮೆಸುಣ್ಣ ತುಂಬುವುದು, ಹಿಟ್ಟು ಒರೆಸುವುದು, ಬಾಟಲಿ ನೀರು ಸುರಿಯುವುದು ಮಾಡಬೇಡಿ. ಈ ಗುಂಪಿನಲ್ಲೇ ಅಂಥ ಫೋಟೋ ಬಂದಿವೆ, ಅದಕ್ಕೆ ಶಹಬ್ಬಾಸ್ ಅಂದವರೂ ಇದ್ದಾರೆ. ತಪ್ಪು ಅದು. ಎರಡು ಸಾವಿರ ವರ್ಷ ಉಳಿದಿದ್ದು ನಮ್ಮ ಒಂದು ಫೋಟೋಗೆ ಹಾಳಾಗಬಾರದು. ಕೈಯಿಂದ ಸವರುವುದೂ ಬೇಡ, ಬೆವರು ಕಲ್ಲಿಗೆ ಹಿಡಿಯುತ್ತದೆ.

4ರ ಹೊತ್ತಿಗೆ ಒಳಗೆ ಹೋಗಿ, ಬಲಗಡೆ ಕಂಬದ ಸಾಲಿನ ಪಕ್ಕ ನಿಂತುಕೊಳ್ಳಿ. ಸಭಾಂಗಣ ಸುಮಾರು 124 ಅಡಿ ಉದ್ದ, 45 ಅಡಿ ಅಗಲ. ಬಿಸಿಲು ಕಮಾನಿನ ಕಿಟಕಿಯಿಂದ ಮೊದಲು ನೆಲಕ್ಕೆ ಬೀಳುತ್ತದೆ, ಸೂರ್ಯ ಇಳಿದ ಹಾಗೆ ಮೆಲ್ಲಗೆ ಒಳಗೆ ಸರಿಯುತ್ತದೆ. ನಾನು ಕಂಡ ದಿನ ಅದು ಸ್ತೂಪದ ಬುಡಕ್ಕೆ ತಾಗಿ, ಮೇಲೆ ಹತ್ತಿ, ತುದಿಯ ಮರದ ಛತ್ರಿಯ ಅಂಚು ಕೆಂಪಗೆ ಕಂಡಿತು. ಕಂಬದ ಮೇಲೆ ಮಂಡಿಯೂರಿದ ಆನೆಗಳ ಒಂದು ಪಕ್ಕ ಮಾತ್ರ ಬೆಳಗಿತ್ತು. ತೊಲೆಗಳ ನೆರಳು ಸೂರಿನ ಮೇಲೆ ಒಂದರ ಹಿಂದೆ ಒಂದು ಗೆರೆ ಎಳೆದಿತ್ತು. ಕಾವಲಿನವರು ಬಂದು ಹೊತ್ತಾಯಿತು ಎನ್ನುವ ತನಕ ನಿಂತಿದ್ದೆ. ಗೇಟ್ ಮುಚ್ಚುವ ಸಮಯವನ್ನು ಟಿಕೆಟ್ ತೆಗೆಯುವಾಗಲೇ ಕೇಳಿಟ್ಟುಕೊಳ್ಳಿ.

ಇದೆಲ್ಲ ಆಕಾಶ ತಿಳಿಯಾಗಿದ್ದರೆ ಮಾತ್ರ. ನವೆಂಬರಿನಿಂದ ಫೆಬ್ರವರಿ ಸರಿ. ಮಳೆಗಾಲದಲ್ಲಿ ಬೆಟ್ಟ ಹಸಿರು, ಭಾಜಾ ಪಕ್ಕ ಜಲಪಾತ, ಎಲ್ಲ ಚೆಂದ. ಆದರೆ ಬಿಸಿಲಿಲ್ಲ, ಮೆಟ್ಟಿಲು ಪಾಚಿ, ಲೋಣಾವಳಾ ರಸ್ತೆಯಲ್ಲಿ ವಾರಾಂತ್ಯಕ್ಕೆ ಗಾಡಿ ಅಲುಗಾಡುವುದಿಲ್ಲ. ಮಾರ್ಚ್ ದಾಟಿದರೆ ಕರಿ ಬಂಡೆ ಕಾದು ಮಧ್ಯಾಹ್ನ ಭಾಜಾ ಹತ್ತುವುದು ಕಷ್ಟ, ಎಲೆಕ್ಟ್ರಾಲ್ ಪ್ಯಾಕೆಟ್ ಇಟ್ಟುಕೊಳ್ಳಿ. ಬೇಡ್ಸೆಯ ಮೇಲೆ ಅಂಗಡಿ ಇಲ್ಲ, ನೀರು ಹೊತ್ತೇ ಹೋಗಬೇಕು. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಬೇಡ್ಸೆ ಬಿಟ್ಟು ಭಾಜಾ, ಕಾರ್ಲಾ ಎರಡೇ ಮಾಡಿ, ಆದರೆ ಅದೇ ಕ್ರಮದಲ್ಲಿ.

ಟ್ರೈಪಾಡ್ ಹೊತ್ತು ಹೋಗಬೇಡಿ, ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಇಡಲು ಬಿಡುವುದಿಲ್ಲ. ಅದರ ಬದಲು ಒಂದು ಬೈನಾಕ್ಯುಲರ್ ಇರಲಿ. 8x40ರ (8 ಪಟ್ಟು ಹತ್ತಿರ ತೋರಿಸುವ, 40 ಮಿ.ಮೀ. ಗಾಜಿನ) ಒಲಿಂಪಸ್ ನನಗೆ ತುಂಬಾ ಹಿಡಿಸಿದೆ, ಕತ್ತಲೆಯಲ್ಲೂ ಚೆನ್ನಾಗಿ ಕಾಣುತ್ತದೆ. 8x21ರ ಜೇಬಿನ ಸೈಜಿನವು ಗುಹೆಗೆ ದಂಡ, ಬೆಳಕು ಸಾಲುವುದಿಲ್ಲ. ಕಾರ್ಲಾದ ಸೂರು ಕೆಳಗಿನಿಂದ 45 ಅಡಿ ಹತ್ತಿರ ಮೇಲಿದೆ, ಬರಿಗಣ್ಣಿಗೆ ಮರವೋ ಕಲ್ಲೋ ತಿಳಿಯುವುದಿಲ್ಲ.

ಇನ್ನು ಕನ್ಹೇರಿ. ಸೋಮವಾರ ಅಂತ ಹಾಕಿದ್ದೀರಿ, ಸೋಮವಾರ ಕನ್ಹೇರಿಗೆ ರಜೆ. ಬೋರಿವಲಿ ಪಾರ್ಕ್ ಗೇಟ್ ತನಕ ಹೋಗಿ ವಾಪಸ್ ಬರಬೇಕಾಗುತ್ತದೆ. ಕಾರ್ಲಾ ಶುಕ್ರವಾರಕ್ಕೆ ತಂದು ಕನ್ಹೇರಿ ಶನಿವಾರ ಇಟ್ಟುಕೊಳ್ಳಿ. ಕಾರ್ಲಾ ಮೊದಲು ನೋಡಿದ್ದರೆ ಕನ್ಹೇರಿಯ 3ನೇ ಗುಹೆ ಅದನ್ನೇ ನೋಡಿ ಕಡೆದದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಅರ್ಧ ಮುಗಿಸಿ ಬಿಟ್ಟ ಕಂಬಗಳೂ ಇವೆ. ನೂರಕ್ಕೂ ಹೆಚ್ಚು ಗುಹೆಗಳಿವೆ, ಎಲ್ಲ ಹತ್ತಲು ಹೋಗಬೇಡಿ. 3, 11, 41, 90 ಸಾಕು. 11ರ ಸುತ್ತಮುತ್ತ ನಮ್ಮ ಅಮೋಘವರ್ಷನ ಆಳ್ವಿಕೆಯ ಹೆಸರಿರುವ ಶಾಸನಗಳಿವೆ, ಅವನ ಕೈಕೆಳಗಿನ ಶಿಲಾಹಾರರ ಕಾಲದವು. ಆ ಹೆಡ್‌ಲ್ಯಾಂಪ್ ಅಲ್ಲಿಗೂ ಒಯ್ಯಿರಿ. ಬಹಳಷ್ಟು ಗುಹೆಗಳ ಮುಂದೆ ಬಂಡೆಯಲ್ಲೇ ಕೊರೆದ ನೀರಿನ ತೊಟ್ಟಿ, ಅದಕ್ಕೆ ಮಳೆನೀರು ತರುವ ಸಣ್ಣ ಕಾಲುವೆ ಇರುತ್ತದೆ, ಅದನ್ನೂ ಹಿಂಬಾಲಿಸಿ ನೋಡಿ. ಮಂಗಗಳಿವೆ, ತಿಂಡಿ ಚೀಲ ಕೈಯಲ್ಲಿ ತೂಗಾಡಿಸಬೇಡಿ.