ಲೀಡ್ಸ್‌ಗೆ ಹೋದ ಮೇಲೆ ಡಾಕ್ಟರಿಗೆ ಎಲ್ಲ ಹೇಳಬಹುದಾ?

ಮುಂದಿನ ತಿಂಗಳು ಮಂಗಳೂರಿನಿಂದ ಲೀಡ್ಸ್‌ಗೆ ಗಂಡನ ಹತ್ತಿರ ಹೊರಟಿದ್ದೀರಿ, ಈಗ ನಾಲ್ಕು ತಿಂಗಳ ಬಸುರಿ, ಖಿನ್ನತೆಗೆ ಸರ್ಟ್ರಲೀನ್ ಮಾತ್ರೆ ನಡೆಯುತ್ತಿದೆ. ಅಲ್ಲಿ ಅದನ್ನು ಹೇಳಿದರೆ ವೀಸಾಕ್ಕೆ ತೊಂದರೆ, ಮಾತ್ರೆ ನಿಲ್ಲಿಸಿ ಹೋಗು ಅಂತ ಮನೆಯವರು ಹೇಳುತ್ತಿದ್ದಾರೆ. ಏನು ಮಾಡಲಿ ಅಕ್ಕ, ಅಂತ ಕೇಳಿದ್ದೀರಿ.

ಹೇಳಿ. ಮೊದಲ ಭೇಟಿಯಲ್ಲೇ ಹೇಳಿ. ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ ಮಾರಾಯ್ರೆ. ಬಸುರಿಯರಿಗೂ ಡಾಕ್ಟರುಗಳು ಅದನ್ನು ಕೊಡುವುದುಂಟು. ಮುಂದುವರಿಸಬೇಕಾ, ಡೋಸ್ ಬದಲಿಸಬೇಕಾ ಅಂತ ನಿಮ್ಮ ಡಾಕ್ಟರ್ ಹೇಳಲಿ. ದಿಢೀರ್ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರಬಹುದು, ಖಿನ್ನತೆ ತಿರುಗಿ ಬರಲೂಬಹುದು.

ಖಿನ್ನತೆಗೆ ಚಿಕಿತ್ಸೆ ಪಡೆದರು ಅಂತ ಯಾರ ವೀಸಾವನ್ನೂ ರದ್ದು ಮಾಡುವುದಿಲ್ಲ. ವೀಸಾ ಜೊತೆ ವರ್ಷಕ್ಕೆ 1035 ಪೌಂಡ್ ಹೆಲ್ತ್ ಸರ್ಚಾರ್ಜ್ ಕಟ್ಟಿರುತ್ತೀರಿ, ಅದು ಇಲ್ಲಿ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ಗೇ ಅಲ್ವಾ? ಮಗುವನ್ನು ಕಿತ್ತುಕೊಳ್ಳುತ್ತಾರೆ ಅಂತ ವಾಟ್ಸಾಪ್‌ನಲ್ಲಿ ಹೆದರಿಸುವವರೂ ಇದ್ದಾರೆ. ಮಾತ್ರೆ ತೆಗೆದುಕೊಳ್ಳುವ ಅಮ್ಮಂದಿರು ಇಲ್ಲಿ ಬೇಕಾದಷ್ಟಿದ್ದಾರೆ, ಮಕ್ಕಳು ಅವರ ಮಡಿಲಲ್ಲೇ ಬೆಳೆಯುತ್ತಿವೆ.

ಮಂಗಳೂರಿನಲ್ಲಾದರೆ ನೇರ ಕಂಕನಾಡಿಗೋ ದೇರಳಕಟ್ಟೆಗೋ ಹೋಗಿ ಸ್ಪೆಷಲಿಸ್ಟ್‌ಗೆ ತೋರಿಸಬಹುದು. ಇಲ್ಲಿ ಮೊದಲ ಬಾಗಿಲು ಜಿಪಿ, ಅಂದರೆ ಊರಿನ ಫ್ಯಾಮಿಲಿ ಡಾಕ್ಟರ್ ಇದ್ದ ಹಾಗೆ. ಬಂದ ವಾರವೇ ಹೆಸರು ನೋಂದಾಯಿಸಿ, ದುಡ್ಡಿಲ್ಲ. ಸಿಗುವುದು ಸುಮಾರು ಹತ್ತು ನಿಮಿಷ ಅಷ್ಟೇ, ಹಾಗಾಗಿ ಡಬಲ್ ಅಪಾಯಿಂಟ್‌ಮೆಂಟ್ ಬೇಕು ಅಂತ ಮೊದಲೇ ಕೇಳಿ. ಮಿಡ್‌ವೈಫ್ (ಬಸುರಿ, ಬಾಣಂತಿಯರನ್ನು ನೋಡಿಕೊಳ್ಳುವವರು) ಹತ್ತಿರ ಮಟರ್ನಿಟಿ ಎಕ್ಸೆಂಪ್ಷನ್ ಫಾರ್ಮ್ ಮಾಡಿಸಿಕೊಂಡರೆ ಹೆರಿಗೆಯ ತಾರೀಖಿನ ನಂತರ 12 ತಿಂಗಳವರೆಗೂ ಔಷಧಿ ಪುಕ್ಕಟೆ.

ನಾನು ಉಡುಪಿಯವಳು. ನಮ್ಮಲ್ಲಿ ಬಸುರಿ ಊಟ ಬಿಟ್ಟರೆ ಅಮ್ಮನಿಗೆ ಗೊತ್ತಾಗುತ್ತದೆ, ಪಕ್ಕದ ಮನೆಗೂ ಗೊತ್ತಾಗುತ್ತದೆ. ಡಾಕ್ಟರ್ ಕೇಳದಿದ್ದರೂ ಯಾರಾದರೂ ಕೇಳುತ್ತಾರೆ. (ಕೇಳಿ, "ಎಲ್ಲ ಸರಿ ಹೋಗ್ತದೆ" ಅಂತ ಬಾಯಿ ಮುಚ್ಚಿಸುತ್ತಾರೆ, ಅದು ಬೇರೆ ಮಾತು.) ಇಲ್ಲಿ ಗಂಡ ಆಫೀಸಿಗೆ ಹೋದರೆ ಸಂಜೆವರೆಗೆ ನಿಮ್ಮ ಮುಖ ನೋಡುವವರಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು. ಹಾಗಾಗಿ ಕೇಳುವ ಕೆಲಸ ಮಿಡ್‌ವೈಫ್, ಜಿಪಿಯವರದ್ದು. ಹೇಗೆ ಚಿಕಿತ್ಸೆ ಕೊಡಬೇಕು ಅಂತ ಡಾಕ್ಟರುಗಳಿಗೆ ಹೇಳುವ ನೈಸ್ ಸಂಸ್ಥೆಯ 2014ರ ಮಾರ್ಗಸೂಚಿಯಲ್ಲೇ ಅದಿದೆ: ಕಳೆದ ತಿಂಗಳಲ್ಲಿ ಬೇಸರ, ಹತಾಶೆ ಕಾಡಿತ್ತಾ? ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸಿತ್ತಾ? ಮುಂದೆ ಎಡಿನ್‌ಬರೋ ಸ್ಕೇಲ್ ಎಂಬ ಹತ್ತು ಪ್ರಶ್ನೆಗಳ ಹಾಳೆ ಕೊಟ್ಟರೂ ಕೊಡಬಹುದು, ಅದು ಕಳೆದ ಏಳು ದಿನದ್ದು.

ನಮ್ಮವರಲ್ಲಿ ಹೆಚ್ಚಿನವರು "ಐ ಆಮ್ ಫೈನ್" ಅಂತ ನಕ್ಕು ಎದ್ದು ಬರುತ್ತಾರೆ. ಫೈನ್ ಅಂದರೆ ಅವರು ಫೈನ್ ಅಂತಲೇ ಬರೆದುಕೊಳ್ಳುತ್ತಾರೆ. ಮುಖ ನೋಡಿ ತಿಳಿದುಕೊಳ್ಳಲಿ ಅಂತ ಕಾದರೆ ಆಗುವುದಿಲ್ಲ. ಇಂಗ್ಲಿಷ್‌ನಲ್ಲಿ ಮನಸ್ಸಿನ ಮಾತು ಬರುವುದಿಲ್ಲ ಅಂದರೆ ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಗಂಡನನ್ನು ಕೂರಿಸಿಕೊಂಡು ಹೇಳಬೇಕಾಗಿಲ್ಲ.

ಮಾತಿನ ಚಿಕಿತ್ಸೆಗೆ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್ ಇದೆ. ಜಿಪಿ ಚೀಟಿ ಇಲ್ಲದೆ ನೀವೇ ಹೆಸರು ಕೊಡಬಹುದು. ಬಸುರಿ ಅಂತ ಖಂಡಿತ ಬರೆಯಿರಿ, ಬೇಗ ಕರೆಯುತ್ತಾರೆ.

ಇನ್ನೊಂದು ವಿಷಯ ನಿಮ್ಮ ಯಜಮಾನರಿಗೆ. ಹೆರಿಗೆಯಾದ ಮೊದಲ ಎರಡು ವಾರದಲ್ಲಿ ಇವರು ನಿದ್ದೆಯಿಲ್ಲದೆ ಏನೇನೋ ಮಾತಾಡಿದರೆ, ಎಲ್ಲರ ಮೇಲೂ ಅನುಮಾನಪಟ್ಟರೆ, ಊರಿನ ಅಜ್ಜಿಯರು ಸನ್ನಿ ಅನ್ನುತ್ತಾರಲ್ಲ, ಅದಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ 999ಕ್ಕೆ ಫೋನ್ ಮಾಡಿ ಅಥವಾ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಅಷ್ಟು ಜೋರಿಲ್ಲದ ಸಂಕಟಕ್ಕೆ 111 ಒತ್ತಿ, ನಂತರ 2 ಒತ್ತಿದರೆ ರಾತ್ರಿಯೂ ಮಾತಾಡುವವರು ಸಿಗುತ್ತಾರೆ.

ಐದನೇ ತಿಂಗಳ ಸ್ಕ್ಯಾನ್ ಮಂಗಳೂರಲ್ಲೇ ಮುಗಿಸಿ, ರಿಪೋರ್ಟ್ ತನ್ನಿ. ನಿಮ್ಮ ಡಾಕ್ಟರ್ ಹತ್ತಿರ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ: ಮಾತ್ರೆಯ ಮೂಲ ಹೆಸರು, ಡೋಸ್, ಎಂದಿನಿಂದ ಅಂತ. ನಮ್ಮ ಬ್ರ್ಯಾಂಡ್ ಹೆಸರು ಇಲ್ಲಿಯವರಿಗೆ ಗೊತ್ತಾಗುವುದಿಲ್ಲ. ಜಿಪಿ ಸಿಗುವವರೆಗೆ ಸಾಕಾಗುವಷ್ಟು ಮಾತ್ರೆಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಉಪ್ಪಿನಕಾಯಿ, ಹಪ್ಪಳ ಬೇಕಾದರೆ ದೊಡ್ಡ ಬ್ಯಾಗಿನಲ್ಲಿ ಬರಲಿ.