ವೃಶ್ಚಿಕ ಮಾಸದಲ್ಲಿ ಚೇಳು ಎಲ್ಲಿ ಹೋಯಿತು?

ಪ್ರಶ್ನೆ: ನಾವು ಕಾಸರಗೋಡಿನ ಬದಿಯಡ್ಕದವರು. ಅಯ್ಯಪ್ಪ ಮಾಲೆ ಹಾಕಿದ್ದ ಮಗ, "ಈಗ ವೃಶ್ಚಿಕ ಮಾಸ ಅಲ್ವಾ, ಆಕಾಶದಲ್ಲಿ ಚೇಳು ತೋರಿಸಿ" ಎಂದ. ನವೆಂಬರ್ ಕೊನೆಯಲ್ಲಿ ರಾತ್ರಿ ಎಂಟಕ್ಕೆ ತಾರಸಿ ಹತ್ತಿದೆವು. ಪೂರ್ವದಲ್ಲಿ ಕೆಂಪಗಿನ ನಕ್ಷತ್ರವೊಂದು ಕಂಡಿತು, ಚೇಳು ಸಿಗಲೇ ಇಲ್ಲ. ಮೇ ತಿಂಗಳಲ್ಲಿ ಯಕ್ಷಗಾನ ಆಟ ನೋಡಿ ಬರುವಾಗ ದಕ್ಷಿಣದಲ್ಲಿ ಮೀನಿನ ಗಾಳದಂಥದ್ದು, ಅದರ ಕೊಕ್ಕೆಯ ಹತ್ತಿರ ಎರಡು ಮಬ್ಬು ಕಲೆ ಕಂಡ ನೆನಪು. ಅವು ಏನು? ಮನೆಯಲ್ಲಿ 10×50 ಬೈನಾಕ್ಯುಲರ್ ಇದೆ.

ಉತ್ತರ: ಮೇ ತಿಂಗಳಲ್ಲಿ ಕಂಡ ಆ ಗಾಳವೇ ನಿಮ್ಮ ಚೇಳು. ಅದನ್ನು ವೃಶ್ಚಿಕ ಮಾಸದಲ್ಲಿ ಹುಡುಕಿದ್ದೇ ಎಡವಟ್ಟಾಯಿತು. ಸೂರ್ಯ ವೃಶ್ಚಿಕದಲ್ಲಿರುವ ತಿಂಗಳಿಗೆ ತಾನೇ ಆ ಹೆಸರು? ಅಂದರೆ ಚೇಳು ಹಗಲಿಡೀ ಸೂರ್ಯನ ಜೊತೆ ಇದ್ದು, ಸಂಜೆ ಅವನ ಬೆನ್ನಿಗೇ ಅರಬ್ಬಿ ಸಮುದ್ರಕ್ಕೆ ಇಳಿದುಬಿಡುತ್ತದೆ. ತುಳುವಿನ ಜಾರ್ದೆ ತಿಂಗಳಿಗೂ ಇದೇ ಕಥೆ. (ಖಗೋಳದವರು ಎಳೆದ ಗಡಿಯ ಪ್ರಕಾರ ಸೂರ್ಯ ಚೇಳಿನೊಳಗೆ ಇರುವುದು ಬರೀ ಒಂದು ವಾರ, ನವೆಂಬರ್ 23ರ ಆಸುಪಾಸಿನಿಂದ. ಆಮೇಲೆ ಪಕ್ಕದ ಉರಗಧರ ಎಂಬ ನಕ್ಷತ್ರಪುಂಜಕ್ಕೆ ದಾಟುತ್ತಾನೆ. ಪಂಚಾಂಗದ ಲೆಕ್ಕ ಬೇರೆ, ಸುಮ್ನೆ ಜಗಳ ಬೇಡ.)

ಪೂರ್ವದಲ್ಲಿ ಕಂಡದ್ದು ವೃಷಭದ ರೋಹಿಣಿ ಇರಬೇಕು. ರೋಹಿಣಿಯೂ ಚೇಳಿನ ಜ್ಯೇಷ್ಠಾ ನಕ್ಷತ್ರವೂ ಆಕಾಶದಲ್ಲಿ ಹೆಚ್ಚುಕಡಿಮೆ ಎದುರುಬದುರು. ಎರಡೂ ಕೆಂಪು ಛಾಯೆಯವು, ಹಾಗಾಗಿ ಮೋಸ ಹೋಗುವುದು ಸಹಜ.

ಚೇಳನ್ನು ಗುರುತಿಸಲು ಜ್ಯೇಷ್ಠಾದಿಂದಲೇ ಶುರು ಮಾಡಿ. ಸುಮಾರು 550 ಜ್ಯೋತಿರ್ವರ್ಷ ದೂರದ ಕೆಂಪು ಮಹಾದೈತ್ಯ, ಅಂದರೆ ಊದಿಕೊಂಡ ಭಾರೀ ನಕ್ಷತ್ರ ಅದು. ಗ್ರೀಕರು ಆಂಟಾರೆಸ್ ಎಂದರು, ಮಂಗಳನ ಎದುರಾಳಿ ಎಂಬ ಅರ್ಥದಲ್ಲಿ. ಅದರ ಬಲ ಮೇಲ್ಗಡೆ ಮೂರು ನಕ್ಷತ್ರಗಳ ಸಾಲು ಅನೂರಾಧಾ, ಚೇಳಿನ ತಲೆ. ಮೂರರಲ್ಲಿ ನಡುವಿನದ್ದು 2000ದಲ್ಲಿ ಇದ್ದಕ್ಕಿದ್ದಂತೆ ಹೊಳಪು ಹೆಚ್ಚಿಸಿಕೊಂಡು ಎಲ್ಲರನ್ನೂ ಬೆರಗಾಗಿಸಿತ್ತು. ಜ್ಯೇಷ್ಠಾದ ಪಕ್ಕದಲ್ಲೇ ಎಂ4 (ಖಗೋಳದವರ ಪಟ್ಟಿಯ ಸಂಖ್ಯೆ) ಎಂಬ ಗೋಳಗುಚ್ಛ, ಅಂದರೆ ಚೆಂಡಿನಂತೆ ಒತ್ತಾಗಿ ಸೇರಿದ ನಕ್ಷತ್ರಗಳ ಗುಂಪು ಇದೆ. ಬೈನಾಕ್ಯುಲರಿನಲ್ಲಿ ಕನ್ನಡಿಗೆ ಉಸಿರು ತಾಗಿದ ಗುರುತಿನಷ್ಟೇ ಕಾಣುತ್ತದೆ. ಮೊದಲ ದಿನವೇ ಸಿಗದಿದ್ದರೆ ಬೇಜಾರು ಬೇಡ.

ನಿಜವಾದ ಹಬ್ಬ ಇರುವುದು ಬಾಲದಲ್ಲಿ. ಬೆನ್ನಿನ ನಕ್ಷತ್ರಗಳ ಗುಂಟ ಕೆಳಗೆ ಇಳಿದು, ಎಡಕ್ಕೆ ತಿರುಗಿ, ಮತ್ತೆ ಮೇಲೆ ಬನ್ನಿ. ತುದಿಯಲ್ಲಿ ಎರಡು ನಕ್ಷತ್ರ ಅಂಟಿಕೊಂಡಂತೆ ನಿಂತಿವೆ. ಅದು ಕೊಂಡಿ, ನಮ್ಮ ಮೂಲಾ ನಕ್ಷತ್ರ. ಅಲ್ಲಿಂದ ಎಡಕ್ಕೆ ಸ್ವಲ್ಪ ಸರಿದರೆ ನಿಮ್ಮ ದೊಡ್ಡ ಮಬ್ಬು ಕಲೆ ಎಂ7. ಅದರ ಬಲ ಮೇಲ್ಗಡೆಯ ಚಿಕ್ಕದು ಎಂ6. ಎರಡೂ ನಕ್ಷತ್ರಗುಚ್ಛಗಳು, ಮೋಡದ ತುಣುಕುಗಳಲ್ಲ. ಎಂ7 ಅನ್ನು ಎರಡನೇ ಶತಮಾನದಲ್ಲೇ ಖಗೋಳಜ್ಞ ಟಾಲೆಮಿ ಬರಿಗಣ್ಣಲ್ಲಿ ನೋಡಿ ಬರೆದಿಟ್ಟಿದ್ದ. ಬೈನಾಕ್ಯುಲರ್ ಹಿಡಿದರೆ ಅದು ಒಡೆದು, ಕೈಜಾರಿ ಚೆಲ್ಲಿದ ಬೆಳ್ತಿಗೆ ಅಕ್ಕಿಯ ಹಾಗೆ ಕಾಳುಕಾಳಾಗುತ್ತದೆ. ನಾನು ಮೊದಲ ಸಲ ನೋಡಿದಾಗ ಕೈ ನಡುಗಿ ಅಕ್ಕಿಯೆಲ್ಲ ಕುಣಿಯುತ್ತಿತ್ತು. ಮೊಣಕೈಯನ್ನು ತಾರಸಿಯ ಕಟ್ಟೆಗೆ ಊರಿದ ಮೇಲೆಯೇ ನಿಂತದ್ದು. ಎಂ6 ಅನ್ನು ಚಿಟ್ಟೆ ಎನ್ನುತ್ತಾರೆ, ರೆಕ್ಕೆ ಕಾಣಲು ಒಂದಿಷ್ಟು ಕಲ್ಪನೆ ಬೇಕು. ನಿಮ್ಮ ಬೈನಾಕ್ಯುಲರಿನಲ್ಲಿ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಆದರೆ ಎಂ7 ಸುಮಾರು 980 ಜ್ಯೋತಿರ್ವರ್ಷ ದೂರ, ಎಂ6 ಸುಮಾರು 1,600. ಬರೀ ನೋಟಕ್ಕೆ ನೆರೆಮನೆ.

ಬಾಲ ಎಡಕ್ಕೆ ತಿರುಗುವ ಮೂಲೆಯಲ್ಲಿ ಇನ್ನೊಂದು ಗುಚ್ಛ ಇದೆ, ಎನ್‌ಜಿಸಿ 6231. ಉತ್ತರದ ದೇಶಗಳಲ್ಲಿ ಅದು ದಿಗಂತಕ್ಕೆ ತಾಗಿ ಕಾಣದೇ ಹೋಗುತ್ತದೆ. ಕಾಸರಗೋಡು 12.5 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ನಮಗೆ ಇಡೀ ಬಾಲ ಆರಾಮವಾಗಿ ಮೇಲೆ ಬರುತ್ತದೆ.

ಯಾವಾಗ ನೋಡಬೇಕು? ತುಳುನಾಡಿನಲ್ಲಿ ಆಟ, ಕೋಲಗಳು ಮುಗಿಯುವ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24ರ ಸುಮಾರಿಗೆ, ಚೇಳು ದಕ್ಷಿಣದಲ್ಲಿ ನೆತ್ತಿಯೆತ್ತುವುದು ರಾತ್ರಿ ಒಂದು ಎರಡು ಗಂಟೆಗೆ. ಆದರೆ ಆಗ ಮಳೆಮೋಡದ ಕಾಟ ಜಾಸ್ತಿ. ಹುಣ್ಣಿಮೆಯ ಆಸುಪಾಸೂ ಬೇಡ, ಆಗ ಚಂದ್ರ ಅಲ್ಲೇ ಸುತ್ತಾಡುತ್ತಿರುತ್ತಾನೆ. ಅಕ್ಟೋಬರ್ ಮೊದಲ ಅರ್ಧದಲ್ಲಿ ಮೋಡ ಬಿಟ್ಟುಕೊಟ್ಟರೆ ಸಂಜೆ ಏಳಕ್ಕೆ ನೈರುತ್ಯದಲ್ಲಿ ಸಿಗುತ್ತದೆ. ನನ್ನ ಆಯ್ಕೆ ಮಾತ್ರ ಮಾರ್ಚ್ ಕೊನೆಯ ವಾರ, ಬೆಳಗಿನ ಜಾವ ಐದಕ್ಕೆ. ಅಡಿಕೆ ತೋಟ ದಕ್ಷಿಣವನ್ನು ಮುಚ್ಚಿದ್ದರೆ ಹತ್ತಿರದ ಪದವಿಗೆ (ಬಯಲಾದ ಗುಡ್ಡಕ್ಕೆ) ಹೋಗಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ, ಹತ್ತು ಹದಿನೈದು ನಿಮಿಷ ಕಣ್ಣು ಕತ್ತಲೆಗೆ ಒಗ್ಗಲು ಬಿಡಿ. ಆ ಹೊತ್ತಿಗೆ ಮಗನನ್ನು ಎಬ್ಬಿಸುವ ಕೆಲಸ ನಿಮ್ಮದು.